ಸೊನ್ನೆ ಒತ್ತಿದರೆ ಹೊರಜಗತ್ತು

ಕಚೇರಿಯ ಮೇಜಿನ ಮೇಲಿರುವ ದೂರವಾಣಿಯಿಂದ ಹೊರಗಿನವರೊಡನೆ ಮಾತನಾಡಬೇಕಾದರೆ ಮೊದಲು ಸೊನ್ನೆ ಒತ್ತಬೇಕು. ಕೆಲವು ಕಡೆ ಒಂಬತ್ತು. ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಸಕ್ಕರೆ ಕಾರ್ಖಾನೆಯಿರಲಿ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಈ ಪಾಠವಾಗುತ್ತಿತ್ತು. ಸೊನ್ನೆ ಒತ್ತಿದೊಡನೆ ಕಿವಿಯಲ್ಲಿ ಬೇರೊಂದು ಸ್ವರ ಕೇಳಿಸುತ್ತದೆ. ಅಲ್ಲಿಗೆ ಕಚೇರಿಯ ಗಡಿ ಮುಗಿದು ಊರಿನ ದೂರವಾಣಿ ಜಾಲ ಆರಂಭವಾಯಿತೆಂದು ಅರ್ಥ.

ಆ ಗಡಿಯನ್ನು ಕಾಯುವ ಪೆಟ್ಟಿಗೆ ಸಾಮಾನ್ಯವಾಗಿ ಮೆಟ್ಟಿಲ ಕೆಳಗೋ ಉಗ್ರಾಣದ ಮೂಲೆಯಲ್ಲೋ ಇರುತ್ತದೆ. ಅದರ ಹೆಸರು ಇಪಿಎಬಿಎಕ್ಸ್. ಕಚೇರಿಯೊಳಗಿನ ಖಾಸಗಿ ಎಕ್ಸ್‌ಚೇಂಜ್ ಎಂದರೆ ಸಾಕು. ಕಳೆದ ಮೂರು ದಶಕಗಳಲ್ಲಿ ಜಗತ್ತಿನ ದೂರವಾಣಿ ಮಾತುಕತೆ ತಂತಿಯಿಂದ ಇಂಟರ್‌ನೆಟ್‌ಗೆ ಹೊರಳಿದಾಗ ಎರಡು ಲೋಕಗಳು ಮುಖಾಮುಖಿಯಾದದ್ದು ಈ ಪೆಟ್ಟಿಗೆಯೊಳಗೆ. ಅವುಗಳನ್ನು ಜೋಡಿಸುವ ಯಂತ್ರ ಬಹು ಬೇಗ ಸಿದ್ಧವಾಯಿತು. ಆದರೆ ಭಾರತದಲ್ಲಿ ಆ ಜೋಡಣೆಗೆ ಪೂರ್ಣ ಒಪ್ಪಿಗೆ ಸಿಗಲು ಎರಡು ದಶಕಗಳೇ ಹಿಡಿದವು. ಹಳೆಯ ಜಾಲ ಧ್ವನಿಯನ್ನಷ್ಟೇ ಹೊರುತ್ತಿರಲಿಲ್ಲ, ಅದರ ಹೆಗಲ ಮೇಲೆ ಬೇರೆ ಕೆಲವು ಹೊಣೆಗಳೂ ಇದ್ದವು ಎಂಬುದೇ ಇದಕ್ಕೆ ಕಾರಣ.

ಉಳಿತಾಯಕ್ಕೆ ಹುಟ್ಟಿದ ಪೆಟ್ಟಿಗೆ

ದೂರವಾಣಿಗೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಪೇಟೆಂಟ್ ಪಡೆದದ್ದು 1876ರಲ್ಲಿ. ಎರಡೇ ವರ್ಷದಲ್ಲಿ, 1878ರ ಜನವರಿಯಲ್ಲಿ, ಅಮೆರಿಕದ ನ್ಯೂ ಹೇವನ್‌ನಲ್ಲಿ ವಾಣಿಜ್ಯ ಎಕ್ಸ್‌ಚೇಂಜ್ ಆರಂಭವಾಯಿತು. 1882ರ ಜನವರಿಯಲ್ಲಿ ಕೋಲ್ಕತ್ತಕ್ಕೂ ಎಕ್ಸ್‌ಚೇಂಜ್ ಬಂದಿತು. ಪ್ರತಿ ಮನೆಯಿಂದ ಇನ್ನೊಂದು ಮನೆಗೆ ತಂತಿ ಎಳೆಯುವ ಬದಲು ಎಲ್ಲ ತಂತಿಗಳನ್ನೂ ಒಂದು ಕಡೆ ತಂದು, ಬೇಕಾದಾಗ ಬೇಕಾದವರನ್ನು ಜೋಡಿಸುವುದು ಇದರ ತತ್ವ. ಮೊದಮೊದಲು ಈ ಕೆಲಸವನ್ನು ಆಪರೇಟರುಗಳು ಕೈಯಿಂದಲೇ ಮಾಡುತ್ತಿದ್ದರು. ಕ್ಯಾನ್ಸಸ್ ಸಿಟಿಯ ಆಲ್ಮನ್ ಸ್ಟ್ರೋಜರ್ 1891ರಲ್ಲಿ ಸ್ವಯಂಚಾಲಿತ ಯಂತ್ರಕ್ಕೆ ಪೇಟೆಂಟ್ ಪಡೆದ. ಆತನ ವೃತ್ತಿ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು ಎಂಬುದು ಕುತೂಹಲದ ಸಂಗತಿ.

ಕಚೇರಿಗಳಲ್ಲಿ ಅದೇ ತತ್ವ ಚಿಕ್ಕ ಪ್ರಮಾಣದಲ್ಲಿ ಜಾರಿಗೆ ಬಂದಿತು. ನೂರು ಮೇಜುಗಳಿರುವ ಕಚೇರಿಯಲ್ಲಿ ನೂರು ಮಂದಿಯೂ ಒಮ್ಮೆಗೇ ಹೊರಗಿನವರೊಡನೆ ಮಾತನಾಡುವುದಿಲ್ಲ. ಹಾಗಿರುವಾಗ ನೂರು ಲೈನಿಗೆ ಬಾಡಿಗೆ ಕಟ್ಟುವುದೇಕೆ? ಹತ್ತು ಲೈನು ತೆಗೆದುಕೊಂಡು ನೂರು ಎಕ್ಸ್‌ಟೆನ್ಷನ್‌ಗಳಿಗೆ ಹಂಚಿದರಾಯಿತು. ಒಳಗೊಳಗಿನ ಮಾತಿಗೆ ಕಾಸು ಖರ್ಚಿಲ್ಲ. ಹೊರಗೆ ಹೋಗಬೇಕಾದವರು ಸೊನ್ನೆ ಒತ್ತಿ ಖಾಲಿಯಿರುವ ಲೈನು ಹಿಡಿಯುತ್ತಾರೆ.

ನಮ್ಮ ದೇಶದಲ್ಲಿ ಈ ಕಥೆಯ ಕೆಲವು ಮುಖ್ಯ ಪುಟಗಳು ಕರ್ನಾಟಕದವೇ ಆಗಿವೆ. ದೂರವಾಣಿ ಉಪಕರಣಗಳನ್ನು ತಯಾರಿಸಲು ಸರ್ಕಾರ 1948ರಲ್ಲಿ ಐಟಿಐ ಕಾರ್ಖಾನೆಯನ್ನು ಸ್ಥಾಪಿಸಿದ್ದು ಬೆಂಗಳೂರಿನಲ್ಲಿ. ಅದರ ಸುತ್ತ ಬೆಳೆದ ಬಡಾವಣೆಯೇ ದೂರವಾಣಿನಗರ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆಯ ಎಂಜಿನಿಯರುಗಳು ಭಾರತದ ಧೂಳು ಮತ್ತು ಸೆಕೆಗೆ ಒಗ್ಗುವ, ಹವಾನಿಯಂತ್ರಣ ಬೇಡದ ವಿದ್ಯುನ್ಮಾನ ಎಕ್ಸ್‌ಚೇಂಜುಗಳನ್ನು ವಿನ್ಯಾಸಗೊಳಿಸಿದರು. ಕಚೇರಿಗಳಿಗೆ ಬೇಕಾದ ಇಪಿಎಬಿಎಕ್ಸ್ ಅವರ ಮೊದಲ ಫಲಗಳಲ್ಲೊಂದು. ಹಳ್ಳಿಗಳಿಗಾಗಿ ರೂಪಿಸಿದ 128 ಪೋರ್ಟ್‌ಗಳ ಎಕ್ಸ್‌ಚೇಂಜನ್ನು ಮೊದಲು ಸ್ಥಾಪಿಸಿದ್ದು 1986ರಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಕಿತ್ತೂರಿನ ಈ ಪೆಟ್ಟಿಗೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ಜಗಳದಲ್ಲಿ ಅದಕ್ಕೂ ಒಂದು ಪಾತ್ರವಿದೆ.

ಕಾದಿರಿಸಿದ ಹಾದಿ, ಬಿಡಿ ಬಿಡಿ ಪೊಟ್ಟಣ

ಹಳೆಯ ದೂರವಾಣಿ ಜಾಲಕ್ಕೂ ಇಂಟರ್‌ನೆಟ್‌ಗೂ ಇರುವ ವ್ಯತ್ಯಾಸ ತಂತಿಯದಲ್ಲ, ನಡವಳಿಕೆಯದು. ಹಳೆಯ ಜಾಲದಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಕರೆ ಮಾಡಿದರೆ, ಮಾತು ಮುಗಿಯುವವರೆಗೆ ಇಡೀ ಹಾದಿ ಆ ಇಬ್ಬರಿಗೇ ಮೀಸಲು. ಅವರು ಸುಮ್ಮನಿದ್ದರೂ ಆ ಜಾಗ ಇನ್ನೊಬ್ಬರಿಗೆ ಸಿಗದು. ಮದುವೆ ದಿಬ್ಬಣಕ್ಕೆ ಇಡೀ ಬಸ್ಸನ್ನೇ ಗೊತ್ತು ಮಾಡಿದ ಹಾಗೆ.

ಇಂಟರ್‌ನೆಟ್‌ನಲ್ಲಿ ಯಾರಿಗೂ ಮೀಸಲಾತಿಯಿಲ್ಲ. ಮಾತನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿನ ಮೇಲೂ ವಿಳಾಸ ಬರೆದು, ದಾರಿ ಸಿಕ್ಕಂತೆ ಕಳುಹಿಸಲಾಗುತ್ತದೆ. ಒಂದೊಂದು ತುಂಡೂ ಒಂದು ಪೊಟ್ಟಣ. ಅವು ಹಿಂದುಮುಂದಾಗಿ ತಲಪಬಹುದು, ಕೆಲವು ಕಳೆದೂ ಹೋಗಬಹುದು. ಪತ್ರಕ್ಕೆ ಇದರಿಂದ ತೊಂದರೆಯಿಲ್ಲ, ತುಸು ತಡವಾದರೂ ನಡೆದೀತು. ಮಾತಿಗೆ ಹಾಗಾಗದು.

ಲೆಕ್ಕ ಹೀಗಿದೆ. ಡಿಜಿಟಲ್ ಎಕ್ಸ್‌ಚೇಂಜಿನಲ್ಲಿ ಮಾತನಾಡುವವರ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆಯಲಾಗುತ್ತದೆ. ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದರೆ ಸೆಕೆಂಡಿಗೆ 64,000 ಬಿಟ್ ಆಗುತ್ತದೆ. ಇದನ್ನೇ ಇಂಟರ್‌ನೆಟ್‌ನಲ್ಲಿ ಕಳುಹಿಸುವಾಗ ಸಾಮಾನ್ಯವಾಗಿ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಮಾತನ್ನು ಒಂದು ಪೊಟ್ಟಣಕ್ಕೆ ತುಂಬುತ್ತಾರೆ. ಎಂದರೆ ಸೆಕೆಂಡಿಗೆ ಐವತ್ತು ಪೊಟ್ಟಣ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ತಲಪಲು ಸೆಕೆಂಡಿನ ಸಾವಿರದಲ್ಲಿ 150 ಭಾಗದೊಳಗಿನ ಕಾಲ ಹಿಡಿದರೆ ಮಾತು ಸಹಜವಾಗಿರುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆಗೋಲು. ಅದಕ್ಕಿಂತ ಬಹಳ ತಡವಾದರೆ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ ಇಬ್ಬರೂ ಒಟ್ಟಿಗೆ ನಿಲ್ಲಿಸುವ ಫಜೀತಿ.

ಪೊಟ್ಟಣಗಳಲ್ಲಿ ಧ್ವನಿ ಕಳುಹಿಸುವ ಪ್ರಯೋಗ ಅಮೆರಿಕದ ಅರ್ಪಾನೆಟ್ ಜಾಲದಲ್ಲಿ 1974ರಲ್ಲೇ ನಡೆದಿತ್ತು. ಸಾಮಾನ್ಯ ಜನ ಗಣಕದಿಂದ ಗಣಕಕ್ಕೆ ಮಾತನಾಡಲು ಇಸ್ರೇಲಿನ ವೋಕಲ್‌ಟೆಕ್ ಕಂಪನಿ 1995ರಲ್ಲಿ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷದ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಆರಂಭಿಸಿತು.

ನಡುವೆ ಒಬ್ಬ ದುಭಾಷಿ

ಆದರೆ ಎಲ್ಲ ಕಚೇರಿಗಳೂ ಹಳೆಯ ಇಪಿಎಬಿಎಕ್ಸ್ ಎಸೆದು ಹೊಸದನ್ನು ಕೊಳ್ಳಲಾರವು. ಹತ್ತಿಪ್ಪತ್ತು ವರ್ಷ ಬಾಳುವ ಯಂತ್ರ, ಗೋಡೆಯೊಳಗೆ ಎಳೆದ ತಂತಿ, ನೂರಾರು ಉಪಕರಣ. ಇವುಗಳನ್ನು ಹಾಗೆಯೇ ಉಳಿಸಿಕೊಂಡು ಇಂಟರ್‌ನೆಟ್‌ಗೆ ಜೋಡಿಸುವ ದುಭಾಷಿಯೇ ಗೇಟ್‌ವೇ ಎಂಬ ಉಪಕರಣ.

ಗೇಟ್‌ವೇಯ ಒಂದು ಬದಿ ಹಳೆಯ ಭಾಷೆ ಆಡುತ್ತದೆ. ಚಿಕ್ಕ ಕಚೇರಿಯಲ್ಲಾದರೆ ಅಲ್ಲಿಗೆ ಮಾಮೂಲಿ ದೂರವಾಣಿ ತಂತಿಗಳೇ ಬಂದು ಸೇರುತ್ತವೆ. ದೊಡ್ಡ ಕಚೇರಿಯಲ್ಲಾದರೆ ಒಮ್ಮೆಗೆ 30 ಮಾತುಕತೆ ಸಾಗಿಸುವ ಪಿಆರ್‌ಐ ಲೈನು. ಇನ್ನೊಂದು ಬದಿಯಲ್ಲಿ ಇಂಟರ್‌ನೆಟ್ ಭಾಷೆ. ಇದಕ್ಕಾಗಿ 1996ರಲ್ಲಿ ಎಚ್.323 ಎಂಬ ನಿಯಮಾವಳಿ ಬಂದಿತು. 1999ರಲ್ಲಿ ಬಂದ ಸರಳವಾದ ಎಸ್‌ಐಪಿ ಎಂಬುದು ಈಗ ಹೆಚ್ಚು ಬಳಕೆಯಲ್ಲಿದೆ. ರಿಸೀವರ್ ಎತ್ತಿದ್ದು, ಅಂಕಿ ಒತ್ತಿದ್ದು, ಅತ್ತ ಗಂಟೆ ಬಾರಿಸಿದ್ದು, ಲೈನು ಬಿಡುವಿಲ್ಲದಿರುವುದು, ಮಾತು ಮುಗಿದದ್ದು ಎಲ್ಲವನ್ನೂ ಗೇಟ್‌ವೇ ಒಂದು ಭಾಷೆಯಿಂದ ಇನ್ನೊಂದಕ್ಕೆ ತಿರುಗಿಸುತ್ತದೆ. ಧ್ವನಿಯನ್ನು ಪೊಟ್ಟಣ ಕಟ್ಟುತ್ತದೆ. ಬಂದ ಪೊಟ್ಟಣಗಳನ್ನು ಕ್ಷಣಕಾಲ ತಡೆದು ಸಾಲಾಗಿ ಜೋಡಿಸಿ ಬಿಚ್ಚುತ್ತದೆ.

ಭಾಷಾಂತರದಲ್ಲಿ ಎಡವುವುದೂ ಉಂಟು. ಹಳೆಯ ತಂತಿಯಲ್ಲಿ ಹೋಗುವ ಮಾತಿನ ಒಂದಿಷ್ಟು ಅಂಶ ಸದಾ ಹಿಂದಕ್ಕೆ ಸೋರುತ್ತಿತ್ತು. ತಕ್ಷಣವೇ ಮರಳುತ್ತಿದ್ದುದರಿಂದ ಅದು ಗಮನಕ್ಕೆ ಬರುತ್ತಿರಲಿಲ್ಲ. ಇಂಟರ್‌ನೆಟ್ ಸೇರಿಸುವ ವಿಳಂಬದಿಂದ ಅದೇ ಸೋರಿಕೆ ಪ್ರತಿಧ್ವನಿಯಾಗಿ, ಬಾವಿಯೊಳಗೆ ಕೂಗಿದಂತೆ ಕೇಳಿಸತೊಡಗಿತು. ಅದನ್ನು ಅಳಿಸಲು ಪ್ರತ್ಯೇಕ ಲೆಕ್ಕಾಚಾರವೇ ಬೇಕಾಯಿತು. ಧ್ವನಿಯನ್ನು ಹಿಂಡಿ ಚಿಕ್ಕದು ಮಾಡುವ ವಿಧಾನಗಳು ಮನುಷ್ಯರ ಮಾತಿಗೆಂದು ರೂಪುಗೊಂಡವು. ಫ್ಯಾಕ್ಸ್ ಯಂತ್ರದ ಕೀರಲು ಅವುಗಳಿಗೆ ಅರ್ಥವಾಗುತ್ತಿರಲಿಲ್ಲ. ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎಂದಾಗ ಒತ್ತುವ ಅಂಕಿಯ ಸ್ವರವೂ ಕಲಸಿಹೋಗುತ್ತಿತ್ತು. ಕೊನೆಗೆ ಅಂಕಿಗಳನ್ನು ಧ್ವನಿಯಿಂದ ಬೇರ್ಪಡಿಸಿ ಪ್ರತ್ಯೇಕ ಸಂದೇಶವಾಗಿ ಕಳುಹಿಸುವ ಏರ್ಪಾಡು ಬಂದಿತು.

ದುಬಾರಿ ಪೆಟ್ಟಿಗೆಯನ್ನು ಅಗ್ಗ ಮಾಡಿದ್ದು ಒಬ್ಬ ವಿದ್ಯಾರ್ಥಿ. ಅಮೆರಿಕದ ಅಲಬಾಮಾದಲ್ಲಿ ಓದುತ್ತಲೇ ಸಣ್ಣ ಕಂಪನಿ ತೆರೆದಿದ್ದ ಮಾರ್ಕ್ ಸ್ಪೆನ್ಸರ್‌ಗೆ ಕಚೇರಿ ಎಕ್ಸ್‌ಚೇಂಜ್ ಕೊಳ್ಳುವಷ್ಟು ಹಣವಿರಲಿಲ್ಲ. 1999ರಲ್ಲಿ ಆತ ಅದರ ಕೆಲಸವನ್ನೆಲ್ಲ ಮಾಡುವ ತಂತ್ರಾಂಶವನ್ನು ತಾನೇ ಬರೆದು ಯಾರು ಬೇಕಾದರೂ ಉಚಿತವಾಗಿ ಬಳಸಲು ಬಿಟ್ಟ. ಅದರ ಹೆಸರು ಆಸ್ಟರಿಸ್ಕ್, ದೂರವಾಣಿಯ ಗುಂಡಿಗಳಲ್ಲಿ ಕಾಣುವ ನಕ್ಷತ್ರ ಚಿಹ್ನೆ. ಸಾಧಾರಣ ಗಣಕವೊಂದಕ್ಕೆ ಸೂಕ್ತ ಕಾರ್ಡ್ ಸಿಕ್ಕಿಸಿದರೆ ಅದೇ ಎಕ್ಸ್‌ಚೇಂಜ್, ಅದೇ ಗೇಟ್‌ವೇ. ಒಟ್ಟಿನಲ್ಲಿ ಹೊಸ ಶತಮಾನ ಹುಟ್ಟುವ ಹೊತ್ತಿಗೆ ಎರಡು ಜಾಲಗಳ ಜೋಡಣೆ ತಾಂತ್ರಿಕ ಸಮಸ್ಯೆಯಾಗಿ ಉಳಿದಿರಲಿಲ್ಲ.

ಪೆಟ್ಟಿಗೆಯೊಳಗಿನ ಗೋಡೆ

ಭಾರತದಲ್ಲಿ ಅದು ಕಾನೂನಿನ ಸಮಸ್ಯೆಯಾಯಿತು. ಒಂದು ಉದಾಹರಣೆ ನೋಡೋಣ. ಒಂದು ಕಂಪನಿಗೆ ಬೆಂಗಳೂರಿನಲ್ಲೂ ಹುಬ್ಬಳ್ಳಿಯಲ್ಲೂ ಕಚೇರಿಗಳಿವೆ. ಎರಡನ್ನೂ ಜೋಡಿಸುವ ಸ್ವಂತ ಗಣಕ ಸಂಪರ್ಕವಿದೆ. ಬೆಂಗಳೂರಿನ ಗುಮಾಸ್ತರು ಆ ಹಾದಿಯಲ್ಲಿ ಹುಬ್ಬಳ್ಳಿ ಕಚೇರಿಯವರೊಡನೆ ಮಾತನಾಡಬಹುದು. ಆದರೆ ಅದೇ ಮಾತು ಹುಬ್ಬಳ್ಳಿಯ ಇಪಿಎಬಿಎಕ್ಸ್ ಮೂಲಕ ಹೊರಬಿದ್ದು ದುರ್ಗದಬೈಲಿನ ವ್ಯಾಪಾರಿಯ ದೂರವಾಣಿಗೆ ತಲಪಿದರೆ? ಎಸ್‌ಟಿಡಿ ದರ ಕೊಡಬೇಕಾದ ಕರೆ ಸ್ಥಳೀಯ ದರದಲ್ಲಿ ಮುಗಿಯುತ್ತದೆ. ವಿದೇಶದ ಕರೆಯಾದರೆ ಇನ್ನೂ ದೊಡ್ಡ ಉಳಿತಾಯ. ಇದಕ್ಕೆ ಇಲಾಖೆಯ ಭಾಷೆಯಲ್ಲಿ ‘ಟೋಲ್ ಬೈಪಾಸ್’ ಎಂದು ಹೆಸರು. ಸುಂಕದ ಕಟ್ಟೆಯನ್ನು ಬಳಸಿಕೊಂಡು ಹೋಗುವುದು ಎಂದರ್ಥ. ಅದು ಅಪರಾಧ.

ಇದು ಕೇವಲ ಸರ್ಕಾರದ ಜಿಪುಣತನವೆಂದು ತಳ್ಳಿಹಾಕುವಂತಿಲ್ಲ. ರಾತ್ರಿ ದರ ಇಳಿಯುವುದನ್ನೇ ಕಾದು ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದ ದಿನಗಳನ್ನು ಹಿರಿಯರು ಮರೆತಿರಲಾರರು. ದೂರದ ಕರೆಯ ದರ ಅದರ ನಿಜ ವೆಚ್ಚಕ್ಕಿಂತ ಬಹಳ ಹೆಚ್ಚಾಗಿತ್ತು. ಸ್ಥಳೀಯ ಕರೆ ಮತ್ತು ಹಳ್ಳಿಯ ದೂರವಾಣಿ ಬಾಡಿಗೆ ನಿಜ ವೆಚ್ಚಕ್ಕಿಂತ ಕಡಿಮೆಯಿತ್ತು. ಅಮೆರಿಕಕ್ಕೆ ಫೋನ್ ಮಾಡುವವರ ಹಣದಲ್ಲಿ ಒಂದು ಪಾಲು ಕಿತ್ತೂರಿನಂಥ ಊರುಗಳ ಎಕ್ಸ್‌ಚೇಂಜನ್ನು ನಡೆಸುತ್ತಿತ್ತು. ಆ ಹಣ ಇಂಟರ್‌ನೆಟ್ ಕಿಂಡಿಯಿಂದ ಸೋರಿಹೋದರೆ ಹಳ್ಳಿಯ ಲೈನಿನ ಖರ್ಚು ಕೊಡುವವರು ಯಾರು?

1998ರಲ್ಲಿ ಖಾಸಗಿ ಕಂಪನಿಗಳಿಗೆ ಇಂಟರ್‌ನೆಟ್ ಸೇವೆ ನೀಡಲು ಅನುಮತಿ ಕೊಟ್ಟಾಗ ಅದರ ಮೂಲಕ ದೂರವಾಣಿ ನಡೆಸಬಾರದೆಂಬ ಷರತ್ತಿತ್ತು. ವಿದೇಶ ಕರೆಗಳಲ್ಲಿ ವಿಎಸ್‌ಎನ್‌ಎಲ್ ಏಕಸ್ವಾಮ್ಯ ಕೊನೆಗೊಂಡ ಮೇಲೆ, 2002ರ ಏಪ್ರಿಲ್ 1ರಿಂದ, ಬಾಗಿಲು ಅರ್ಧ ತೆರೆಯಿತು. ಗಣಕದಿಂದ ಗಣಕಕ್ಕೂ, ಭಾರತದ ಗಣಕದಿಂದ ವಿದೇಶದ ದೂರವಾಣಿಗೂ ಮಾತನಾಡಬಹುದಾಯಿತು. ಭಾರತದೊಳಗಿನ ಸಾಮಾನ್ಯ ದೂರವಾಣಿಗೆ ಮಾತ್ರ ಇಂಟರ್‌ನೆಟ್ ಕರೆ ಹೋಗುವಂತಿರಲಿಲ್ಲ.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ಏಳುತ್ತಿದ್ದವು. ವಿದೇಶದ ಗ್ರಾಹಕರ ಕರೆಗಳು ಇಂಟರ್‌ನೆಟ್ ವಿಧಾನದಲ್ಲಿ ಬರುತ್ತಿದ್ದವು. ಮನೆಗೆ ಫೋನ್ ಮಾಡಲು ಊರಿನ ಲೈನೂ ಬೇಕಿತ್ತು. ಎರಡೂ ಒಂದೇ ಪೆಟ್ಟಿಗೆಗೆ ಬರಬಹುದು, ಆದರೆ ಒಳಗೆ ಒಂದನ್ನೊಂದು ಮುಟ್ಟಬಾರದು ಎಂಬುದು ನಿಯಮ. ಕೆಲವರು ಎರಡು ಬೇರೆ ಬೇರೆ ಎಕ್ಸ್‌ಚೇಂಜುಗಳನ್ನೇ ಇಟ್ಟರು. ಉಳಿದವರು ತಂತ್ರಾಂಶದಲ್ಲೇ ಅಡ್ಡಗೋಡೆ ಕಟ್ಟಿಕೊಂಡರು. ‘ಲಾಜಿಕಲ್ ಪಾರ್ಟಿಷನಿಂಗ್’ ಎಂಬ ಈ ಏರ್ಪಾಡನ್ನು ಸಿಸ್ಕೊದಂಥ ಕಂಪನಿ ಭಾರತದ ನಿಯಮವನ್ನು ಗಮನದಲ್ಲಿಟ್ಟುಕೊಂಡು ತನ್ನ ಎಕ್ಸ್‌ಚೇಂಜ್ ತಂತ್ರಾಂಶಕ್ಕೆ ಸೇರಿಸಿತು. ಜೋಡಿಸುವುದಕ್ಕೆಂದೇ ಹುಟ್ಟಿದ ಯಂತ್ರಕ್ಕೆ ಜೋಡಿಸದಿರುವುದನ್ನು ಕಲಿಸಬೇಕಾಯಿತು!

ಗೋಡೆ ಇಳಿದ ಬಗೆ

ಗೋಡೆಯನ್ನು ತೆಳುವಾಗಿಸಿದ್ದು ಮೊಬೈಲು. ಪೈಪೋಟಿಯಿಂದ ಎಸ್‌ಟಿಡಿ ದರ ಕುಸಿದು, ಕಾಯಲು ಸುಂಕವೇ ಉಳಿಯದಂತಾಯಿತು. ಹಳ್ಳಿಯ ದೂರವಾಣಿಗೆ ಹಣ ಹೊಂದಿಸಲೂ ಬೇರೆ ದಾರಿ ಹುಡುಕಲಾಯಿತು. ಕಂಪನಿಗಳ ಆದಾಯದಲ್ಲಿ ಒಂದು ಪಾಲನ್ನು ಪಡೆಯುವ ಸಾರ್ವತ್ರಿಕ ಸೇವಾ ನಿಧಿ 2002ರಲ್ಲಿ ಆರಂಭವಾಯಿತು. ಸ್ಥಿರ ದೂರವಾಣಿಯ ನಷ್ಟ ತುಂಬಲು 2003ರಲ್ಲಿ ಕರೆಗಳ ಮೇಲೆ ಹಾಕಿದ್ದ ಹೆಚ್ಚುವರಿ ಶುಲ್ಕ 2008ರಲ್ಲಿ ರದ್ದಾಯಿತು.

2018ರಲ್ಲಿ ದೂರಸಂಪರ್ಕ ಇಲಾಖೆ ಪರವಾನಗಿ ಪಡೆದ ಕಂಪನಿಗಳಿಗೆ ಇಂಟರ್‌ನೆಟ್ ದೂರವಾಣಿ ನಡೆಸಲು ದಾರಿ ಸುಗಮಗೊಳಿಸಿತು. ಅದೇ ವರ್ಷ ಬಿಎಸ್‌ಎನ್‌ಎಲ್ ‘ವಿಂಗ್ಸ್’ ಹೆಸರಿನ ಸೇವೆ ತಂದಿತು. ಆದರೆ ಕಾಲ್ ಸೆಂಟರಿನ ಗೋಡೆಗೆ ದೊಡ್ಡ ಪೆಟ್ಟು ಕೊಟ್ಟದ್ದು ಕೊರೊನಾ. 2020ರ ಮಾರ್ಚ್‌ನಲ್ಲಿ ಸಾವಿರಾರು ಮಂದಿ ಮನೆಯಿಂದಲೇ ಗ್ರಾಹಕರೊಡನೆ ಮಾತನಾಡಬೇಕಾಗಿ ಬಂದಾಗ ಇಲಾಖೆ ನಿಯಮಗಳನ್ನು ತಾತ್ಕಾಲಿಕವಾಗಿ ಸಡಿಲಿಸಿತು. ಆ ವರ್ಷದ ನವೆಂಬರ್‌ನಲ್ಲಿ ಮತ್ತು 2021ರ ಜೂನ್‌ನಲ್ಲಿ ಬಂದ ಹೊಸ ಮಾರ್ಗಸೂಚಿಗಳು ನೋಂದಣಿಯನ್ನೇ ಕೈಬಿಟ್ಟವು. ದೇಶದ ಮತ್ತು ವಿದೇಶದ ಗ್ರಾಹಕರಿಗೆ ಬೇರೆ ಬೇರೆ ಕೇಂದ್ರ ಬೇಕೆಂಬ ಭೇದ ಹೋಯಿತು. ಕೇಂದ್ರದ ಇಪಿಎಬಿಎಕ್ಸ್ ಜಗತ್ತಿನ ಎಲ್ಲಿ ಬೇಕಾದರೂ ಇರಬಹುದೆಂದಾಯಿತು. ಮೆಟ್ಟಿಲ ಕೆಳಗಿನ ಪೆಟ್ಟಿಗೆ ಸಮುದ್ರದಾಚೆ ಹೋಗಲು ಅನುಮತಿ ಸಿಕ್ಕಿತು. ಟೋಲ್ ಬೈಪಾಸ್ ನಿಷೇಧ ಮಾತ್ರ ಉಳಿಯಿತು.

ಉಳಿದ ಹೊಣೆಗಳು

ಸುಂಕದ ಪ್ರಶ್ನೆ ತಣ್ಣಗಾದ ಮೇಲೆ ಹಳೆಯ ಜಾಲ ಸದ್ದಿಲ್ಲದೆ ಹೊರುತ್ತಿದ್ದ ಇತರ ಹೊಣೆಗಳು ಕಣ್ಣಿಗೆ ಬಿದ್ದವು. ಮೊದಲನೆಯದು ವಿದ್ಯುತ್ತು. ಊರೆಲ್ಲ ಕರೆಂಟ್ ಹೋದರೂ ಮನೆಯ ಹಳೆಯ ಫೋನು ಕೆಲಸ ಮಾಡುತ್ತಿತ್ತು. ಏಕೆಂದರೆ ಎಕ್ಸ್‌ಚೇಂಜಿನ ಬ್ಯಾಟರಿಯ 48 ವೋಲ್ಟ್ ವಿದ್ಯುತ್ತು ಅದೇ ತಂತಿಯಲ್ಲಿ ಬರುತ್ತಿತ್ತು. ಇಂಟರ್‌ನೆಟ್ ಫೋನಿಗೆ ಆ ಭಾಗ್ಯವಿಲ್ಲ. ಯುಪಿಎಸ್ ಇಲ್ಲದ ಕಚೇರಿಯಲ್ಲಿ ಕರೆಂಟಿನೊಡನೆ ಮಾತೂ ಹೋಗುತ್ತದೆ.

ಎರಡನೆಯದು ವಿಳಾಸ. ಹಳೆಯ ಲೈನಿನ ಸಂಖ್ಯೆ ಗೊತ್ತಾದರೆ ಕಟ್ಟಡ ಗೊತ್ತಾಗುತ್ತಿತ್ತು. ಇಂದು ಬೆಂಗಳೂರಿನ ಸಂಖ್ಯೆಯ ಎಕ್ಸ್‌ಟೆನ್ಷನ್ ಹಾಸನದ ಮನೆಯೊಂದರ ಲ್ಯಾಪ್‌ಟಾಪಿನಲ್ಲಿರಬಹುದು. ತುರ್ತು ಸಹಾಯಕ್ಕೆ ಕರೆ ಬಂದರೆ ಆಂಬುಲೆನ್ಸ್ ಎಲ್ಲಿಗೆ ಹೋಗಬೇಕು? ಇಲ್ಲಿ ಅಮೆರಿಕದ ಟೆಕ್ಸಾಸಿನ ಒಂದು ಘಟನೆಯನ್ನು ನೆನೆಯಬೇಕು. 2013ರ ಡಿಸೆಂಬರ್‌ನಲ್ಲಿ ಅಲ್ಲಿನ ಹೋಟೆಲ್ ಕೋಣೆಯೊಂದರಲ್ಲಿ ಮಹಿಳೆಯ ಮೇಲೆ ಮಾರಣಾಂತಿಕ ಹಲ್ಲೆ ನಡೆಯಿತು. ಜೊತೆಗಿದ್ದ ಒಂಬತ್ತು ವರ್ಷದ ಮಗಳು 911 ಸಂಖ್ಯೆಯನ್ನು ಮತ್ತೆ ಮತ್ತೆ ಒತ್ತಿದಳು. ಕರೆ ಹೋಗಲೇ ಇಲ್ಲ. ಹೊರಗಿನ ಲೈನಿಗೆ ಮೊದಲು ಒಂಬತ್ತು ಒತ್ತಬೇಕೆಂದು ಆ ಮಗುವಿಗೆ ಯಾರೂ ಹೇಳಿರಲಿಲ್ಲ. ತೀರಿಕೊಂಡ ತಾಯಿಯ ಹೆಸರಿನಲ್ಲೇ ಅಮೆರಿಕ 2018ರಲ್ಲಿ ಕಾನೂನು ತಂದಿತು. ಅದರಂತೆ 2020ರ ಫೆಬ್ರುವರಿ 16ರ ನಂತರ ಅಲ್ಲಿ ಅಳವಡಿಸುವ ಕಚೇರಿ ಮತ್ತು ಹೋಟೆಲುಗಳ ಎಕ್ಸ್‌ಚೇಂಜಿನಲ್ಲಿ ತುರ್ತು ಸಂಖ್ಯೆಯನ್ನು ಒತ್ತಲು ಯಾವ ಪೂರ್ವಾಂಕಿಯೂ ಬೇಕಿರಬಾರದು.

ಮೂರನೆಯದು ನಂಬಿಕೆ. ಬರುವ ಕರೆಯ ಸಂಖ್ಯೆಗೆ ಹಿಂದೆ ಎಕ್ಸ್‌ಚೇಂಜೇ ಸಾಕ್ಷಿಯಾಗಿತ್ತು. ಇಂಟರ್‌ನೆಟ್‌ನಿಂದ ಬರುವ ಕರೆ ತನಗಿಷ್ಟವಾದ ಸಂಖ್ಯೆಯನ್ನು ತೋರಿಸಬಲ್ಲದು. ವಿದೇಶದಿಂದ ಇಂಟರ್‌ನೆಟ್ ಮೂಲಕ ಬಂದ ಕರೆಗಳನ್ನು ರಾಶಿ ಸಿಮ್ ಕಾರ್ಡ್‌ಗಳ ಪೆಟ್ಟಿಗೆಗೆ ತಿರುಗಿಸಿ ಸ್ಥಳೀಯ ಕರೆಗಳೆಂದು ದಾಟಿಸುವ ಅಕ್ರಮ ಎಕ್ಸ್‌ಚೇಂಜೊಂದನ್ನು 2021ರ ಜೂನ್‌ನಲ್ಲಿ ಬೆಂಗಳೂರು ಪೊಲೀಸರು ಸೇನಾ ಗುಪ್ತಚರ ವಿಭಾಗದ ನೆರವಿನಿಂದ ಪತ್ತೆ ಹಚ್ಚಿದರು. ನೂರಾರು ಸಿಮ್ ಕಾರ್ಡ್‌ಗಳು ಸಿಕ್ಕವು. ಭಾರತದ ಸಂಖ್ಯೆಯ ಸೋಗು ಹಾಕಿ ವಿದೇಶದಿಂದ ಬರುವ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದಿತು. ಪೊಲೀಸರೆಂದೂ ಬ್ಯಾಂಕಿನವರೆಂದೂ ನಂಬಿಸಿ ಹಣ ದೋಚುವ ಕರೆಗಳಿಗೆ ಬಲಿಯಾದವರಿಗೆ ಈ ಹೊಣೆಯ ಬೆಲೆ ಗೊತ್ತು.

ಹಾಗೆಂದು ಹಳೆಯ ಕಾಲಕ್ಕೆ ಮರಳುವಂತಿಲ್ಲ, ಮರಳಬೇಕಾದ ಅಗತ್ಯವೂ ಇಲ್ಲ. ಅಮೆರಿಕದಲ್ಲಿರುವ ಮಗಳೊಡನೆ ಮಾತನಾಡಲು ಇಂದು ಯಾರೂ ಗಡಿಯಾರ ನೋಡಬೇಕಿಲ್ಲ. ಆದರೆ ಸೊನ್ನೆ ಒತ್ತಿದಾಗ ಕೇಳುತ್ತಿದ್ದ ಆ ಎರಡನೇ ಸ್ವರದ ಹಿಂದೆ ಒಂದು ಇಲಾಖೆ, ಬ್ಯಾಟರಿಗಳ ಒಂದು ಕೋಣೆ, ವಿಳಾಸಗಳ ಒಂದು ದಾಖಲೆಪುಸ್ತಕ ಇದ್ದವು. ತಂತಿಯನ್ನು ಕಳಚಿದಷ್ಟು ಸುಲಭವಾಗಿ ಅವುಗಳನ್ನು ಕಳಚಲಾಗದು. ಕಚೇರಿಯ ಹಳೆಯ ಪೆಟ್ಟಿಗೆಯನ್ನು ಇಂಟರ್‌ನೆಟ್‌ಗೆ ಜೋಡಿಸಲು ಹೊರಟವರು ಗೇಟ್‌ವೇಯ ಬೆಲೆ ಕೇಳುವ ಮುನ್ನ ಕರೆಂಟ್ ಹೋದರೆ ಏನು, 112ಕ್ಕೆ ಕರೆ ಮಾಡಿದರೆ ಯಾವ ವಿಳಾಸ ಹೋಗುತ್ತದೆ, ರಾತ್ರಿ ಹೊತ್ತು ಆ ಪೆಟ್ಟಿಗೆಗೆ ಕನ್ನ ಹಾಕುವವರನ್ನು ತಡೆಯುವವರು ಯಾರು ಎಂಬ ಮೂರು ಪ್ರಶ್ನೆ ಕೇಳುವುದು ಒಳ್ಳೆಯದು. ಹಿಂದೆ ಇವಕ್ಕೆಲ್ಲ ಎಕ್ಸ್‌ಚೇಂಜಿನವರು ಉತ್ತರ ಹೇಳುತ್ತಿದ್ದರು. ಈಗ ಪೆಟ್ಟಿಗೆಯ ಒಡೆಯರೇ ಹೇಳಬೇಕು.